ರಿಯೊದ ರೆಕಾರ್ಡ್ ಅಂಗಡಿಯ ಹಿರಿಯರಿಗೆ

ರಿಯೊ ಡಿ ಜನೈರೊದಿಂದ ಅಂದು ರಾತ್ರಿಯೇ ನನ್ನ ವಿಮಾನ. ಡ್ರಮ್ಸ್ ಕಲಿಸಿದ ಗುರುಗಳಿಗೆಂದು ಹುಡುಕುತ್ತಿದ್ದ, ಬ್ರೆಜಿಲ್‌ನ ಡ್ರಮ್ಸ್ ವಾದಕ ಎಡಿಸನ್ ಮಚಾಡೊ ಅವರ 1964ರ ಸಾಂಬಾ ಜಾಝ್ ಎಲ್‌ಪಿ ರೆಕಾರ್ಡ್ ಇನ್ನೂ ಸಿಕ್ಕಿರಲಿಲ್ಲ. ಬ್ರೆಜಿಲ್‌ನ ನೃತ್ಯಸಂಗೀತವಾದ ಸಾಂಬಾದ ಲಯವನ್ನು ಡ್ರಮ್ಸ್‌ನ ಲೋಹದ ತಟ್ಟೆಯಾದ ಸಿಂಬಲ್ ಮೇಲೆ ಅರಳಿಸಿದ ವಾದಕರು ಮಚಾಡೊ. ಪೋರ್ಚುಗೀಸ್ ಬಾರದ ನಾನು ಚೀಟಿ ಚಾಚಿದಾಗ ನೀವು ಅಂಗಡಿಯ ಬಾಗಿಲನ್ನು ಅರ್ಧ ಎಳೆದಿದ್ದಿರಿ. ಓದಿ, ಮತ್ತೆ ಮೇಲೆತ್ತಿದಿರಿ.

ಕಪ್ಪು ಬಿಳುಪಿನ ನಡುವೆ ಕೆಂಪು ಚುಕ್ಕೆಯಿಟ್ಟ ಹೊದಿಕೆಗಳ, ಎಲೆಂಕೊ ಕಂಪನಿಯ, ಸಾಂಬಾ-ಜಾಝ್ ಬೆರೆತ ಬೊಸ್ಸಾ ನೋವಾ ರೆಕಾರ್ಡುಗಳನ್ನೆಲ್ಲ ಸರಿಸಿ, ಏಣಿ ಹತ್ತಿ ಅದನ್ನು ಇಳಿಸಿದಿರಿ. ಬೆಳಕಿಗೆ ಓರೆಯಾಗಿ ಹಿಡಿದು ಗೀರು ಹುಡುಕಿದಿರಿ, ಮೆತ್ತನೆಯ ಬಟ್ಟೆಯಿಂದ ಒರೆಸಿದಿರಿ, ಸೂಜಿಯಿಟ್ಟು ಕೇಳಿಸಿದಿರಿ. ನಿಮ್ಮ ಬೆರಳುಗಳು ಮೇಜಿನ ಮೇಲೆ ತಾಳ ಹಾಕುತ್ತಿದ್ದವು; ನನಗೆ ಹೋದ ಜೀವ ಬಂದಂತಾಯಿತು. ಎರಡೂ ಕಡೆ ರಟ್ಟು ಇಟ್ಟು, ದಾರ ಸುತ್ತಿ ಕೊಟ್ಟಿರಿ.

ರೆಕಾರ್ಡ್ ಮೈಸೂರಿಗೆ ಸುರಕ್ಷಿತವಾಗಿ ತಲುಪಿದೆ. ಗುರುಗಳು ಶಿಷ್ಯರನ್ನೆಲ್ಲ ಕೂರಿಸಿ ಕೇಳಿಸುತ್ತಿದ್ದಾರೆ. ನಿಮಗೆ ಮನಸಾರೆ ಧನ್ಯವಾದಗಳು.