ಹೋಳಿಗೆ ತಿಂದವನಿಂದ ಗುಂಡನಿಗೆ

ಲೋ ಗುಂಡ,

ಹೇಗಿದ್ದೀಯ? ಲೈಪ್‌ಜಿಗ್‌ನಲ್ಲಿ ಚಳಿ ಶುರುವಾಯಿತಾ? ಇದನ್ನು ನಿನಗೊಬ್ಬನಿಗೇ ಕಳಿಸಬಹುದಿತ್ತು. ಆದರೆ ನಾನು ಕಳಿಸಿದ್ದನ್ನು ನೀನು ಓದುವುದಿಲ್ಲ. ಊರೆಲ್ಲ ಓದಿ, ಯಾರಾದರೂ ಹೇಳಿದ ಮೇಲೆ ಓದುತ್ತೀಯ. ಹಾಗಾಗಿ ಈ ಸಲ ಊರಿಗೇ ಹಾಕಿದ್ದೇನೆ. ಊರಿನವರೇ, ನಮಸ್ಕಾರ. ಮಧ್ಯೆ 'ಎರಡನೇ ಇಡ್ಲಿ' ಅಂತ ಬಂದರೆ ತಲೆ ಕೆಡಿಸಿಕೊಳ್ಳಬೇಡಿ. ಗುಂಡನಿಗೆ ಗೊತ್ತು.

ಹೋದ ಭಾನುವಾರ ನೀನು ಕಳಿಸಿದ ಪೋಸ್ಟರ್ ನೋಡಿದೆ. 'ಜನ ಎಂಥವರೋ ಅಂಥದೇ ಸರ್ಕಾರ ಅವರಿಗೆ ಸಿಗುತ್ತದೆ.' ಕೆಳಗೆ ಲಿಂಕನ್ ಫೋಟೊ. ಅದರ ಕೆಳಗೆ ನಿನ್ನ ಷರಾ: 'ನಮ್ಮ ಜನಕ್ಕೆ ಇದಕ್ಕಿಂತ ಒಳ್ಳೆಯವರು ಬೇಡ ಕಣೋ.' ನಾನೂ ಎಂದಿನಂತೆ ಹೆಬ್ಬೆರಳು ಒತ್ತಿದೆ. ಆಮೇಲೆ ರಾತ್ರಿ ನಿದ್ದೆ ಬರಲಿಲ್ಲ.

ಮೊದಲು ಪಾಪ ಲಿಂಕನ್‌ನನ್ನು ಬಿಡಿಸಿಬಿಡೋಣ. ಆ ಮಾತು ಜೋಸೆಫ್ ದ ಮೇಸ್ತ್ರ್ ಎನ್ನುವವನದು. 1811ರಲ್ಲಿ ಬರೆದ ಒಂದು ಪತ್ರದಲ್ಲಿದೆ. ಆಗ ಅವನು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಸಾರ್ಡಿನಿಯಾ ರಾಜನ ರಾಯಭಾರಿ. ಫ್ರೆಂಚ್ ಕ್ರಾಂತಿ ಕಂಡರೆ ಆಗದವನು. ಮೇಲೆ ರಾಜ ಇರಬೇಕು, ಅವನ ಮೇಲೆ ಪೋಪ್ ಇರಬೇಕು, ಜನ ಸುಮ್ಮನಿರಬೇಕು ಎನ್ನುವ ಕಡೆಯವನು. ಆಗಿನ ರಷ್ಯಾದಲ್ಲಿ ಕೋಟಿಗಟ್ಟಲೆ ಜನ ಜಮೀನ್ದಾರರ ಜೀತದಾಳುಗಳು. ವೋಟು ಅಂದರೆ ಏನು ಅಂತಲೇ ಕಾಣದವರು. ಅಂಥವರಿದ್ದ ದೇಶದಲ್ಲಿ ಕೂತು ಅವನು ಈ ಮಾತು ಬರೆದ. ನಮ್ಮ ಹಿರಿಯರ ಗಾದೆ ಉಲ್ಟಾ ಇತ್ತು ನೋಡು, ರಾಜನ ಹಾಗೆ ಪ್ರಜೆ ಅಂತ. ಅದರಲ್ಲಿ ತಪ್ಪು ಮೇಲಿನವನದು. ಯಾವಾಗ ತಿರುಗಿಸಿ ಹಾಕಿಕೊಂಡೆವೋ ಗೊತ್ತಾಗಲೇ ಇಲ್ಲ.

ಸರಿ, ಒಂದು ಕೇಳುತ್ತೇನೆ. ಮೈಸೂರಿನಲ್ಲಿ ಓದುವಾಗ ನೀನು ಒಂದು ಸಲವಾದರೂ ಲೈನಲ್ಲಿ ನಿಂತಿದ್ದೀಯಾ? ಹೆಂಗಸರ ಕ್ಯೂ ಚಿಕ್ಕದಿದೆ ಅಂತ ನನ್ನ ತಂಗಿಯ ಕೈಲಿ ಏಳು ಟಿಕೆಟ್ ತೆಗೆಸಿದವನು ನೀನು. ಈಗ ರಾತ್ರಿ ಹನ್ನೊಂದಕ್ಕೆ, ರಸ್ತೆಯಲ್ಲಿ ಒಂದು ನರಪಿಳ್ಳೆ ಇಲ್ಲದಿದ್ದರೂ, ಕೆಂಪು ದೀಪ ಹಸಿರಾಗುವವರೆಗೆ ಕೈಕಟ್ಟಿ ನಿಲ್ಲುತ್ತೀಯಂತೆ. ನಿನ್ನ ಹೆಂಡತಿ ವಿಡಿಯೊ ಕಳಿಸಿದ್ದಾರೆ. ನಿನ್ನ ಗುಣ ಎಲ್ಲಿ ಬದಲಾಯಿತು? ವಿಮಾನದಲ್ಲಾ?

ನೀನಿರುವ ಊರನ್ನೇ ನೋಡು. 1949ರಿಂದ 1990ರವರೆಗೆ ಜರ್ಮನಿ ಎರಡಾಗಿತ್ತು. ಒಂದೇ ಭಾಷೆ, ಅವೇ ಹಬ್ಬಗಳು, ಅಣ್ಣ ಆ ಕಡೆ, ತಮ್ಮ ಈ ಕಡೆ. ಆ ಕಡೆ, ಅಂದರೆ ಪಶ್ಚಿಮದಲ್ಲಿ, ಚುನಾವಣೆ ಬಂದರೆ ಸರ್ಕಾರ ಬದಲಾಗಬಹುದಿತ್ತು. ಈ ಕಡೆ, ನಿನ್ನ ಲೈಪ್‌ಜಿಗ್ ಇದ್ದ ಪೂರ್ವದಲ್ಲಿ, ಬದಲಾಗುವ ಮಾತೇ ಇಲ್ಲ, ಜೊತೆಗೆ ಸ್ಟಾಸಿ ಅನ್ನುವ ಗುಪ್ತ ಪೊಲೀಸರು ಬೇರೆ. ಜನರ ಗುಣವೇ ಸರ್ಕಾರ ಅನ್ನುವುದಾದರೆ ಜರ್ಮನ್ನರ ಗುಣ ಯಾವುದಪ್ಪ? ನೀನೇ ಕಳಿಸಿದ್ದೆಯಲ್ಲ, ಸ್ಟಾಸಿ ಕಚೇರಿ ಈಗ ಮ್ಯೂಸಿಯಂ ಆಗಿದೆ ಅಂತ. ಜನರ ಮೈವಾಸನೆಯನ್ನು ಬಟ್ಟೆಗೆ ಹಿಡಿದು, ಗಾಜಿನ ಜಾಡಿಯಲ್ಲಿ ಮುಚ್ಚಿಟ್ಟಿದ್ದ ಫೋಟೊ. (ನಮ್ಮ ಹಾಸ್ಟೆಲ್ಲಿನ 14ನೇ ರೂಮಿಗೆ ಬಂದಿದ್ದರೆ ಅವರಿಗೆ ಜಾಡಿ ಸಾಲುತ್ತಿರಲಿಲ್ಲ.) 1989ರ ಹೊತ್ತಿಗೆ ಸ್ಟಾಸಿಯ ನೌಕರರೇ ಸುಮಾರು 91 ಸಾವಿರ. ಅದರ ಮೇಲೆ ಪಕ್ಕದ ಮನೆಯವರ, ಜೊತೆಯಲ್ಲಿ ಕೆಲಸ ಮಾಡುವವರ ಸುದ್ದಿ ಒಪ್ಪಿಸುತ್ತಿದ್ದ ಸಾಮಾನ್ಯರು ಒಂದೂ ಮುಕ್ಕಾಲು ಲಕ್ಷ ದಾಟಿದ್ದರು.

ಆ ವರ್ಷವೇ ಅಕ್ಟೋಬರ್ 9ರ ಸೋಮವಾರ ಸಂಜೆ, ನಿನ್ನದೇ ಊರಿನಲ್ಲಿ ಸುಮಾರು 70 ಸಾವಿರ ಜನ ಬೀದಿಗಿಳಿದರು. ಗುಂಡು ಹಾರಬಹುದು ಅಂತ ಅವರಿಗೆ ಗೊತ್ತಿತ್ತು. ಹಾರಲಿಲ್ಲ. ಒಂದೇ ತಿಂಗಳಿಗೆ ಬರ್ಲಿನ್ ಗೋಡೆ ತೆರೆಯಿತು. ಸುದ್ದಿ ಒಪ್ಪಿಸಿದವರೂ ಬೀದಿಗಿಳಿದವರೂ ಅದೇ ಟ್ರ್ಯಾಮಿನಲ್ಲಿ ಓಡಾಡಿದವರು. ಎರಡನ್ನೂ ಮಾಡಿದವರೂ ಇದ್ದರು. 1992ರಲ್ಲಿ ಜನ ತಮ್ಮ ತಮ್ಮ ಫೈಲ್ ತೆಗೆಸಿ ಓದುವ ಹಾಗಾಯಿತು. ಸರ್ಕಾರದ ವಿರುದ್ಧ ಹೋರಾಡಿದ ಒಬ್ಬಾಕೆಗೆ ಗೊತ್ತಾಗಿದ್ದೇನು ಹೇಳು? ಸುದ್ದಿ ಕೊಡುತ್ತಿದ್ದವನು ಸ್ವಂತ ಗಂಡ.

ಇದೆಲ್ಲ ಬುದ್ಧಿವಂತಿಕೆ. ಇಷ್ಟು ಬರೆದು ಬಿಡಬಹುದಿತ್ತು. ಆದರೆ ಆ ಫೈಲ್ ವಿಷಯ ಓದಿದಾಗಿಂದ ಹೊಟ್ಟೆಯಲ್ಲಿ ಏನೋ ಆಗುತ್ತಿದೆ. ನನ್ನದೂ ಒಂದು ಫೈಲ್ ಇದೆ ಕಣೋ. ಅದರಲ್ಲಿ ನಿನಗೆ ಹೇಳಿದ ಸುಳ್ಳೂ ಒಂದಿದೆ.

2021ರ ಏಪ್ರಿಲ್ ಕೊನೆ, ಕೊರೊನಾದ ಎರಡನೇ ಅಲೆ. ಅಪ್ಪನ ಬೆರಳಿಗೆ ಹಾಕಿದ ಆಕ್ಸಿಮೀಟರ್ 86 ತೋರಿಸುತ್ತಿತ್ತು. ಆಗ ಬೆಂಗಳೂರಿನಲ್ಲಿ ಬೆಡ್ ಕೇಳಲು ಇದ್ದ 1912ಕ್ಕೆ ಫೋನ್ ಮಾಡಿದರೆ ಎಂಗೇಜ್. ಸಿಕ್ಕರೆ ಬಿಯು ನಂಬರ್, ಅಂದರೆ ಸೋಂಕಿತರಿಗೆ ಕೊಡುತ್ತಿದ್ದ ಗುರುತಿನ ಸಂಖ್ಯೆ, ಕೇಳುತ್ತಿದ್ದರು. ಟೆಸ್ಟ್ ರಿಪೋರ್ಟ್ ಬಾರದೆ ಬಿಯು ನಂಬರ್ ಇಲ್ಲ. ನಂಬರ್ ಬಂದ ಮೇಲೆ ಬೆಡ್ ಇಲ್ಲ. 'ಸರದಿಯಲ್ಲಿ ಇದ್ದೀರ ಸಾರ್, ಬಂದ ತಕ್ಷಣ ಹೇಳ್ತೀವಿ' ಎಂದಳು ವಾರ್ ರೂಮಿನ ಹುಡುಗಿ. ಅವಳ ದನಿಯೇ ಸೋತುಹೋಗಿತ್ತು. ಎಷ್ಟು ಜನರಿಗೆ ಅದೇ ಮಾತು ಹೇಳಿದ್ದಳೋ.

ರಾತ್ರಿ ಎರಡು ಗಂಟೆಗೆ ನಾನು ಯಾರಿಗೆ ಫೋನ್ ಮಾಡಿದೆ ಗೊತ್ತಾ? ನಮ್ಮ ಎಂಎಲ್‌ಎ ಕಡಲೆಕಾಯಿ ಸಾಹೇಬರ ಪಿಎಗೆ. ಹೌದು, ಆ ಕಡಲೆಕಾಯಿಯೇ. ಯಾರ ಹೆಸರು ಹೇಳಿದರೆ ನಾವಿಬ್ಬರೂ ಟೀ ಉಗುಳಿಕೊಂಡು ನಗುತ್ತಿದ್ದೆವೋ ಅವನು. ಯಾರ ಲೇಔಟಿನ ಕಥೆಯನ್ನು ನಾನು ಮೂರು ಕಂತಿನಲ್ಲಿ ಬರೆದು ಇನ್ನೂರು ಲೈಕ್ ತೆಗೆದುಕೊಂಡಿದ್ದೆನೋ ಅವನು. ಪಿಎ ನಂಬರ್ ಆಫೀಸಿನ ಒಬ್ಬರು ಕೊಟ್ಟಿದ್ದರು. 'ಸಾರ್, ನಾನು ನಿಮ್ಮ ಕ್ಷೇತ್ರದವನು' ಎಂದು ಶುರು ಮಾಡಿದೆ. ನಿಮ್ಮ ಕ್ಷೇತ್ರ! ನನ್ನ ಬಾಯಿಂದ! ನಲವತ್ತು ನಿಮಿಷಕ್ಕೆ ವಾಪಸ್ ಫೋನ್ ಬಂತು. ಇಂಥ ಆಸ್ಪತ್ರೆ, ಹಿಂದಿನ ಗೇಟಿಗೆ ಬನ್ನಿ, ಸಾಹೇಬ್ರು ಹೇಳಿದ್ದಾರೆ ಅನ್ನಿ.

ಅಂದೆ.

ಅಪ್ಪ ಹದಿಮೂರು ದಿನ ಇದ್ದು ಮನೆಗೆ ಬಂದರು. ಈಗ ದಿನಾ ಬೆಳಗ್ಗೆ ವಾಕಿಂಗ್ ಹೋಗಿ, ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂತು ಎಲ್ಲ ಪಕ್ಷಗಳನ್ನೂ ಸಮನಾಗಿ ಬೈದು ಬರುತ್ತಾರೆ.

ಅವರು ಆಸ್ಪತ್ರೆಯಲ್ಲಿದ್ದಾಗಲೇ ಮೇ 3ರಂದು ಚಾಮರಾಜನಗರದ ಸುದ್ದಿ ಬಂತು. ಜಿಲ್ಲಾಸ್ಪತ್ರೆಯಲ್ಲಿ ಒಂದು ದಿನದೊಳಗೆ 24 ಸಾವು, ಆಕ್ಸಿಜನ್ ಸಿಗಲಿಲ್ಲ ಎಂದು ಮನೆಯವರ ಗೋಳು. ಮಾರನೇ ದಿನ ಬೆಂಗಳೂರಿನ ಬೆಡ್ ಬ್ಲಾಕಿಂಗ್ ಗಲಾಟೆ. ದುಡ್ಡಿಗೆ ಬೆಡ್ ಹಿಡಿದಿಡುತ್ತಾರೆ ಎಂಬ ಆರೋಪ, ಅರೆಸ್ಟು. ನಾನು ಟಿವಿ ಮುಂದೆ ಎದ್ದು ನಿಂತು ಕೂಗಿದೆ: 'ಎಂಥ ಜನ ಇವರು! ಸಾಯೋರ ಬೆಡ್ ಕಿತ್ಕೊಳ್ಳೋರು!' ಹೆಂಡತಿ ಅಡುಗೆಮನೆ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಏನೂ ಅನ್ನಲಿಲ್ಲ. ರಿಮೋಟ್ ತೆಗೆದುಕೊಂಡು ಟಿವಿ ಆರಿಸಿ ಒಳಗೆ ಹೋದಳು.

ಈಗ ಸುಳ್ಳಿನ ವಿಷಯ. 2023ರ ಮೇ 10, ವೋಟಿನ ದಿನ. ಶಾಯಿ ಹಚ್ಚಿದ ಬೆರಳಿನ ಫೋಟೊ ನಿನಗೆ ಕಳಿಸಿದ್ದೆ. 'ಕಡಲೆಕಾಯಿಗೆ ಕೊಟ್ಟೆಯಾ ಏಟು?' ಅಂತ ನೀನು ಕೇಳಿದೆ. 'ಕೊಟ್ಟೆ' ಅಂತ ನಾನಂದೆ. ಕೊಟ್ಟಿದ್ದು ವೋಟು ಕಣೋ. ಅವನಿಗೇ.

ವೋಟು ಯಾರಿಗೆ ಹಾಕಿದೆವು ಅಂತ ಚೀಟಿ ತೋರಿಸುವ ವಿವಿಪ್ಯಾಟ್ ಯಂತ್ರದ ಗಾಜಿನೊಳಗೆ ಆ ಚೀಟಿ ಏಳು ಸೆಕೆಂಡ್ ಕಾಣುತ್ತದೆ. ಏಳು ಸೆಕೆಂಡ್ ಎಷ್ಟು ಉದ್ದ ಅಂತ ಅವತ್ತು ಗೊತ್ತಾಯಿತು. ಯಾವಾಗ ಬೀಳುತ್ತಪ್ಪ ಅಂತ ಕಾದೆ.

ಅದಕ್ಕೆ ಎರಡು ದಿನ ಮುಂಚೆ ನಮ್ಮ ಮನೆಗೆಲಸಕ್ಕೆ ಬರುವವರಿಗೆ ಒಂದು ಭಾಷಣ ಕೊಟ್ಟಿದ್ದೆ. ಯಾರೋ ಅವರ ಬೀದಿಯಲ್ಲಿ ದುಡ್ಡು ಹಂಚಿದ್ದರು. 'ನೋಡಿ, ಐಪಿಸಿ 171ಬಿ ಅಂತಿದೆ. ವೋಟಿಗೆ ದುಡ್ಡು ಕೊಟ್ಟವರದಷ್ಟೇ ಅಲ್ಲ, ತಗೊಂಡವರದೂ ತಪ್ಪು. ಒಂದು ವರ್ಷದವರೆಗೆ ಜೈಲು' ಅಂದೆ. ಅವರು ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡರು. ಆಮೇಲೆ 'ಸಾರ್, ಈ ತಿಂಗಳ ಸಂಬಳ ಸ್ವಲ್ಪ ಮುಂಚೆ ಕೊಡ್ತೀರಾ, ಫೀಸ್ ಕಟ್ಟಬೇಕು' ಅಂದರು. ಅವರು ತೆಗೆದುಕೊಂಡ ಸಾವಿರಕ್ಕೆ ಕಾಯ್ದೆ ಇದೆ. ನಾನು ತೆಗೆದುಕೊಂಡಿದ್ದಕ್ಕೆ ಯಾವ ಸೆಕ್ಷನ್ನೂ ಇಲ್ಲ. ಅವರು ದುಡ್ಡು ತಗೊಂಡು ತಮಗೆ ಬೇಕಾದವರಿಗೇ ಹಾಕಿರಬಹುದು. ಬಹಳ ಜನ ಹಾಗೇ ಮಾಡುತ್ತಾರೆ. ನಾನು ಮಾತ್ರ ಬೆಡ್ಡಿನ ಲೆಕ್ಕವನ್ನು ಪೈಸೆ ಬಿಡದೆ ಚುಕ್ತಾ ಮಾಡಿದೆ.

ಇದರ ಮೇಲೆ ಒಂದು ಸಿದ್ಧಾಂತ ಕಟ್ಟಿದ್ದೆ. ಚೆನ್ನಾಗಿಯೇ ಇತ್ತು, ಕೇಳು. ಕೆಟ್ಟ ನಾಯಕ ಬದುಕುವುದು ನಮ್ಮ ಕೆಟ್ಟತನದಿಂದಲ್ಲ, ಒಳ್ಳೆತನದಿಂದ. ಸರದಿಯಲ್ಲಿ ಸಿಗಬೇಕಾದ ಬೆಡ್ಡು ಸರದಿಯಲ್ಲಿ ಸಿಗದ ಹಾಗೆ ಬಿಟ್ಟಿರುತ್ತಾನೆ. ಆಮೇಲೆ ಅದನ್ನೇ ತನ್ನ ಕೈಯಾರೆ ಕೊಡುತ್ತಾನೆ. ನಮಗೆ ಬರಬೇಕಾಗಿದ್ದು ನಮಗೆ ಮಾಡಿದ ಉಪಕಾರವಾಗಿಬಿಡುತ್ತದೆ. ಉಪ್ಪು ತಿಂದ ಮನೆಯನ್ನು ಮರೆಯಬಾರದು ಅಂತ ಅಜ್ಜಿ ಹೇಳಿಕೊಟ್ಟಿದ್ದಾಳಲ್ಲ. ನಾವು ಮರೆಯುವುದಿಲ್ಲ. ಪಿಂಚಣಿ ಚೀಟಿ, ಸೈಟಿನ ಖಾತೆ, ಮಗಳ ಸೀಟು, ಎಲ್ಲಕ್ಕೂ ಒಂದೊಂದು ಋಣ. ಅವನ ಪೆಟ್ಟಿಗೆ ತುಂಬುವುದು ಈ ಋಣದಿಂದ. ಋಣ ಇಟ್ಟುಕೊಳ್ಳುವ ಜನ ಕೆಟ್ಟವರು ಅಂತ ಹೇಗೆ ಹೇಳುತ್ತೀಯ?

ಇಲ್ಲಿಗೆ ನಿಲ್ಲಿಸಬೇಕು ಅಂತಿದ್ದೆ. ಕೊನೆಗೆ ಅಜ್ಜಿ ಬಂದಿದ್ದಾಳೆ, ಶೇರ್ ಆಗುವಂಥ ಕೊನೆ. ನನ್ನ ಬಗ್ಗೆಯೂ ಎರಡು ಒಳ್ಳೆ ಮಾತು ಬರುತ್ತಿತ್ತು, ಎಷ್ಟು ಪ್ರಾಮಾಣಿಕ ಮನುಷ್ಯ ಅಂತ.

ಆದರೆ ಫೈಲಿನಲ್ಲಿ ಇನ್ನೊಂದು ಹಾಳೆ ಇದೆ.

ಅಪ್ಪನನ್ನು ಸೇರಿಸಿ ಬೆಳಗ್ಗೆ ಮನೆಗೆ ಬಂದೆ. ಕೆಳಗಿನ ಮನೆ ಮೇಷ್ಟ್ರು ಮೆಟ್ಟಿಲ ಹತ್ತಿರ ನಿಂತಿದ್ದರು. ಎರಡು ಮಾಸ್ಕ್ ಹಾಕಿದ್ದರು, ಕನ್ನಡಕದ ಮೇಲೆ ಮಂಜು. ಅವರ ಮನೆಯವರಿಗೆ 88ಕ್ಕೆ ಇಳಿದಿತ್ತಂತೆ. 'ನಿಮಗೆ ಬೆಡ್ ಹೇಗೆ ಸಿಕ್ತು ಸಾರ್?' ಎಂದು ಕೇಳಿದರು.

'1912ಕ್ಕೆ ಮಾಡ್ತಾನೇ ಇದ್ದೆ ಮೇಷ್ಟ್ರೇ. ಬೆಳಗಿನ ಜಾವ ಸಿಕ್ತು. ಬಿಡಬೇಡಿ, ಮಾಡ್ತಾ ಇರಿ.'

ಪಿಎ ನಂಬರ್ ಇದ್ದ ಫೋನ್ ನನ್ನ ಕೈಯಲ್ಲೇ ಇತ್ತು. ಯಾಕೆ ಕೊಡಲಿಲ್ಲ? ಅಮ್ಮನಿಗೂ ಕೆಮ್ಮು ಶುರುವಾಗಿತ್ತು, ಮತ್ತೆ ನಮಗೇ ಬೇಕಾದರೆ ಅಂತ ಹೆದರಿದೆ. ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದು ಇದನ್ನೇ. ಅರ್ಧ ನಿಜ. ಉಳಿದ ಅರ್ಧ ಏನೆಂದರೆ, ಆ ಲೇಔಟಿನ ಮೂರು ಕಂತನ್ನೂ ಮೇಷ್ಟ್ರು ಪ್ರಿಂಟ್ ತೆಗೆಸಿ ಇಟ್ಟುಕೊಂಡಿದ್ದರು. 'ನಿಮ್ಮಂಥವರು ಬರೀಬೇಕು' ಎಂದು ಕೈ ಹಿಡಿದುಕೊಂಡು ಹೇಳಿದ್ದರು. ನಂಬರ್ ಕೊಟ್ಟರೆ ಯಾರದು ಅಂತ ಕೇಳುತ್ತಾರಲ್ಲ. ಅವರ ಹೆಂಡತಿಯ ಉಸಿರಿನ ಮುಂದೆ ನಾನು ಇಟ್ಟು ತೂಗಿದ್ದು ನನ್ನ ಮಾನವನ್ನು. ತಕ್ಕಡಿ ನನ್ನ ಕಡೆಗೇ ವಾಲಿತು. ಇದಕ್ಕೆ ಯಾವ ನಾಯಕನೂ ಕಾರಣ ಅಲ್ಲ. ಋಣದ ಸಿದ್ಧಾಂತದಲ್ಲೂ ಇದು ಎಲ್ಲೂ ಕೂರುವುದಿಲ್ಲ. ಕೂರಿಸಲು ನೋಡಿದ್ದೇನೆ.

ಮೂರನೇ ದಿನ ತುಮಕೂರಿನಲ್ಲಿ ಬೆಡ್ ಸಿಕ್ಕಿತು. ಹುಷಾರಾದರು. ಹುಷಾರಾಗದೇ ಹೋಗಿದ್ದರೆ ಈ ಪತ್ರವೇ ಇರುತ್ತಿರಲಿಲ್ಲ, ಅಷ್ಟು ಧೈರ್ಯ ನನಗಿಲ್ಲ. ಆ ವರ್ಷದಿಂದ ಪ್ರತಿ ಯುಗಾದಿಗೆ ಅವರ ಮನೆಯಿಂದ ಹೋಳಿಗೆ ಬರುತ್ತದೆ. 'ಅವತ್ತು ನೀವು ಧೈರ್ಯ ಹೇಳಿದ್ರಿ' ಅಂತ ಮೇಷ್ಟ್ರೇ ತಂದು ಕೊಡುತ್ತಾರೆ. ಬಾಳೆಲೆಯಲ್ಲಿ ಸುತ್ತಿ, ಮೇಲೆ ತುಪ್ಪ. ನಾನು ತಿನ್ನುತ್ತೇನೆ. ಹೋದ ವರ್ಷ ಐದು ತಿಂದೆ.

ಛೆ, ನಿನ್ನ ಪೋಸ್ಟರ್‌ಗೆ ಒಂದು ಸಾಲು ಉತ್ತರ ಬರೆಯಲು ಕೂತವನು ಎಲ್ಲಿಗೆ ಬಂದೆ ನೋಡು. ಲಿಂಕನ್ ಫೋಟೊ ಬದಲು ಮುಂದಿನ ಸಲ ನನ್ನದು ಹಾಕು, ಪಾಸ್‌ಪೋರ್ಟ್ ಸೈಜಿಂದು ಕಳಿಸುತ್ತೇನೆ. ಮತ್ತೆ ಸಿಗ್ನಲ್ಲಿನಲ್ಲಿ ಸ್ವಲ್ಪ ಬೆಚ್ಚಗಿನ ಟೋಪಿ ಹಾಕಿಕೊಂಡು ನಿಲ್ಲು, ನೆಗಡಿ ಆದೀತು.

ಹಾಂ, ಇನ್ನೊಂದು. ಮೇಷ್ಟ್ರು ಈಗ ಫೋನ್ ಕಲಿತಿದ್ದಾರೆ. ನಾನು ಏನು ಹಾಕಿದರೂ ಮೊದಲು ಓದುವವರು ಅವರೇ. ಈ ಯುಗಾದಿಗೆ ಹೋಳಿಗೆ ಬರುತ್ತೋ ಇಲ್ವೋ ನೋಡಬೇಕು. ಬಂದರೆ ನಿನಗೂ ಒಂದು ಎತ್ತಿಡುತ್ತೇನೆ. ಎರಡನೇ ಇಡ್ಲಿ ಥರ ಅಲ್ಲ, ನಿಜವಾಗಲೂ.

ನಿನ್ನ,
ಭಾಷಣಗಾರ