ಕಬ್ಬಿಣದ ಮಾತ್ರೆ ಬರೀ ಟಾನಿಕ್ ಅಲ್ಲ

ಮಾನ್ಯ ಸಂಪಾದಕರೇ,

ರಕ್ತಹೀನತೆಗೆಂದು ತಂದ ಕಬ್ಬಿಣಾಂಶದ ಮಾತ್ರೆಗಳನ್ನು ಟಾನಿಕ್ಕಿನಂತೆ ಕಂಡು, ಮಕ್ಕಳ ಕೈಗೆಟಕುವ ಕಡೆಯಲ್ಲೇ ಇಡುವ ಮನೆಗಳು ಬಹಳ. ಹೇಳಿದಷ್ಟು ತೆಗೆದುಕೊಂಡರೆ ಅದು ಒಳ್ಳೆಯ ಔಷಧವೇ. ಸಕ್ಕರೆ ಲೇಪಿಸಿದ ಕೆಂಪು ಮಾತ್ರೆಯನ್ನು ಪೆಪ್ಪರಮೆಂಟೆಂದು ಮಗು ನುಂಗಿದಾಗ ಅದೇ ವಿಷ.

ಲೆಕ್ಕ ತಪ್ಪುವುದು ಲೇಬಲ್ಲಿನಲ್ಲಿ. ಮಾತ್ರೆಯಲ್ಲಿ ಕಬ್ಬಿಣವಿರುವುದು ಲವಣವಾಗಿ, ಅಂದರೆ ಬೇರೆ ವಸ್ತುವಿನೊಡನೆ ಕೂಡಿದ ಸಂಯುಕ್ತವಾಗಿ. ನೋಡಬೇಕಾದ್ದು ಆ ಲವಣದ ತೂಕವನ್ನಲ್ಲ, ಅದರೊಳಗಿನ ಕಬ್ಬಿಣವನ್ನು. 200 ಮಿ.ಗ್ರಾಂ ಒಣ ಫೆರಸ್ ಸಲ್ಫೇಟಿನಲ್ಲಿ ಸುಮಾರು 65 ಮಿ.ಗ್ರಾಂ ಕಬ್ಬಿಣವಿರುತ್ತದೆ. ಇಂಥವೇ ಬೇರೆ ಲವಣಗಳಾದ ಫೆರಸ್ ಫ್ಯೂಮರೇಟಿನಲ್ಲಿ ತೂಕದ ಮೂರನೇ ಒಂದು ಪಾಲು, ಫೆರಸ್ ಗ್ಲುಕೋನೇಟಿನಲ್ಲಿ ಸುಮಾರು ಶೇ 12 ಕಬ್ಬಿಣ. ನುಂಗಿದ ಕಬ್ಬಿಣ ದೇಹತೂಕದ ಕಿಲೋ ಒಂದಕ್ಕೆ 20 ಮಿ.ಗ್ರಾಂ ದಾಟಿದರೆ ವಿಷದ ಲಕ್ಷಣ ಶುರುವಾಗಬಹುದು. 60 ದಾಟಿದರೆ ಜೀವಕ್ಕೇ ಅಪಾಯ. 60 ಮಿ.ಗ್ರಾಂ ಕಬ್ಬಿಣದ ನಾಲ್ಕು ಮಾತ್ರೆ 10 ಕಿಲೋ ತೂಗುವ ಮಗುವನ್ನು ಮೊದಲ ಗೆರೆ ದಾಟಿಸುತ್ತವೆ. ಎರಡನೆಯ ಗೆರೆ ಮುಟ್ಟಲು ಹತ್ತು ಮಾತ್ರೆಯ ಒಂದೇ ಸ್ಟ್ರಿಪ್ ಸಾಕು.

ಎಲ್ಲಕ್ಕಿಂತ ಮೋಸ ಮಾಡುವುದು ನಡುವಿನ ಬಿಡುವು. ಕಬ್ಬಿಣ ಜಠರ, ಕರುಳಿನ ಒಳಪದರವನ್ನು ಸುಡುವುದರಿಂದ ಮೊದಲ ಆರು ಗಂಟೆಯಲ್ಲಿ ವಾಂತಿ, ಭೇದಿ, ಕೆಲವೊಮ್ಮೆ ರಕ್ತವೂ ಕಾಣುತ್ತದೆ. ಆಮೇಲೆ ವಾಂತಿ ನಿಲ್ಲುತ್ತದೆ, ಮಗು ಗೆಲುವಾಗುತ್ತದೆ, ಮನೆಯವರು ‘ಸದ್ಯ, ಕಡಿಮೆಯಾಯಿತು’ ಎಂದು ಉಸಿರು ಬಿಡುತ್ತಾರೆ. ಆ ಹೊತ್ತಿನಲ್ಲೇ ಕಬ್ಬಿಣ ರಕ್ತದಿಂದ ಜೀವಕೋಶಗಳಿಗೆ ಇಳಿಯುತ್ತಿರುತ್ತದೆ. ಮುಂದೆ ರಕ್ತದೊತ್ತಡ ಕುಸಿಯುವುದು, ರಕ್ತದಲ್ಲಿ ಆಮ್ಲ ಏರುವುದು, ಎರಡು-ಮೂರು ದಿನದಲ್ಲಿ ಯಕೃತ್ತು ಕೈಕೊಡುವುದು ಎಲ್ಲವೂ ಉಂಟು. ಬದುಕಿ ಉಳಿದರೂ ಕೆಲವರಿಗೆ ವಾರಗಳ ನಂತರ ಜಠರದ ಹೊರದಾರಿ ಗಾಯದ ಕಲೆಯಿಂದ ಬಿಗಿದುಕೊಳ್ಳುತ್ತದೆ.

ಹೀಗಾದಾಗ ಬೆರಳು ಹಾಕಿ ವಾಂತಿ ಮಾಡಿಸಬಾರದು. ಬೇರೆ ಅನೇಕ ವಿಷಗಳಿಗೆ ಕೊಡುವ ಇದ್ದಿಲು ಪುಡಿಗೆ ಕಬ್ಬಿಣ ಅಂಟಿಕೊಳ್ಳುವುದಿಲ್ಲ. ಸ್ಟ್ರಿಪ್ಪನ್ನೂ ಬಾಟಲಿಯನ್ನೂ ಹಿಡಿದು, ಎಷ್ಟು ಮಾತ್ರೆ ಕಡಿಮೆಯಿವೆ ಎಂದು ಎಣಿಸಿಕೊಂಡು, ಕೂಡಲೇ ಆಸ್ಪತ್ರೆಗೆ ಹೋಗಬೇಕು. ನುಂಗಿದ ಸಮಯ ಹೇಳಬೇಕು. ರಕ್ತದ ಕಬ್ಬಿಣದ ಮಟ್ಟ ಸಾಮಾನ್ಯವಾಗಿ ನಾಲ್ಕರಿಂದ ಆರು ಗಂಟೆಯ ಹೊತ್ತಿಗೆ ಶಿಖರ ಮುಟ್ಟುತ್ತದೆ. ತಡವಾಗಿ ಪರೀಕ್ಷಿಸಿದರೆ ಇಳಿದ ಅಂಕಿ ಕಂಡು ಮೋಸಹೋಗುವ ಸಂಭವವಿದೆ. ಎಕ್ಸ್‌ರೇಯಲ್ಲಿ ಮಾತ್ರೆ ಕಾಣದಿದ್ದರೆ ಏನೂ ಆಗಿಲ್ಲವೆಂದಲ್ಲ, ಕರಗಿರಬಹುದು. ತೀವ್ರ ವಿಷಕ್ಕೆ ಡೆಫೆರೊಕ್ಸಮಿನ್ ಎಂಬ ಪ್ರತ್ಯೌಷಧವನ್ನು ರಕ್ತನಾಳದ ಮೂಲಕ ಕೊಡುತ್ತಾರೆ.

ದೊಡ್ಡವರಿಗೂ ಒಂದು ಮಾತು. ರಕ್ತ ಬೇಗ ಏರಲೆಂದು ತಾವಾಗಿಯೇ ದಿನಕ್ಕೆ ಎರಡು-ಮೂರು ಮಾತ್ರೆ ನುಂಗಿ ಫಲವಿಲ್ಲ. ಒಂದು ಡೋಸಿನ ನಂತರ ಹೆಪ್ಸಿಡಿನ್ ಎಂಬ ಹಾರ್ಮೋನು ಸುಮಾರು ಒಂದು ದಿನ ಏರಿದ್ದು, ಕರುಳು ಕಬ್ಬಿಣ ಹೀರುವುದನ್ನು ತಗ್ಗಿಸುತ್ತದೆ; ಹೆಚ್ಚುವರಿಯಿಂದ ಸಿಗುವುದು ಬಹುಪಾಲು ಹೊಟ್ಟೆನೋವು, ಮಲಬದ್ಧತೆ. ಮಲ ಕಪ್ಪಾಗುವುದು ಸಹಜ. ಅದು ಡಾಂಬರಿನಂತೆ ಅಂಟಾಗಿ ದುರ್ವಾಸನೆ ಬಂದರೆ ರಕ್ತಸ್ರಾವದ ಶಂಕೆಯಿಂದ ವೈದ್ಯರನ್ನು ಕಾಣಬೇಕು. ಥಲಸ್ಸೀಮಿಯಾ ಎಂಬ ಆನುವಂಶಿಕ ರಕ್ತದ ಕಾಯಿಲೆ ಇರುವವರು ಪರೀಕ್ಷೆಯಿಲ್ಲದೆ ಈ ಮಾತ್ರೆ ಮುಟ್ಟಲೇಬಾರದು.

ಔಷಧ ತಯಾರಕರು ಮಾತ್ರೆಯಲ್ಲಿರುವ ಕಬ್ಬಿಣದ ಪ್ರಮಾಣವನ್ನು ಲವಣದ ತೂಕಕ್ಕಿಂತ ದೊಡ್ಡ ಅಕ್ಷರದಲ್ಲಿ ಸ್ಟ್ರಿಪ್ಪಿನ ಮೇಲೆಯೇ ಮುದ್ರಿಸಲಿ. ಸಿರಪ್ಪಿನ ಬಾಟಲಿಗೆ ಮಕ್ಕಳು ತೆರೆಯಲಾಗದ ಮುಚ್ಚಳ ಹಾಕಲಿ.

– ಒಬ್ಬ ಫಾರ್ಮಸಿಸ್ಟ್