ಸೇತುವೆಗಿಂತ 50 ವರ್ಷ ದೊಡ್ಡವ

ಪ್ರೀತಿಯ ಗೆಳೆಯಾ,

ಅಪ್ಪ ಹೋಗಿ ಹದಿನೆಂಟು ದಿನ ಆಯಿತು. ನೀನು ಫೋನ್ ಮಾಡಿದಾಗ ಮನೆ ತುಂಬ ಜನ. ಸರಿಯಾಗಿ ಮಾತಾಡಲಿಕ್ಕೇ ಆಗಲಿಲ್ಲ. ಈಗ ಎಲ್ಲರೂ ಅವರವರ ಊರಿಗೆ ಹೋದರು. ಬಾಡಿಗೆ ಕುರ್ಚಿಗಳೂ ಹೋದವು. ಅಮ್ಮ ಒಳಗೆ ಮಲಗಿದ್ದಾಳೆ. ನಿನಗೆ ಬರೆಯೋಣ ಅನಿಸಿತು.

ಬಂದವರೆಲ್ಲ ಒಂದೇ ಮಾತು ಹೇಳಿದರು ನೋಡು. "ಪಾಪ, ಕಷ್ಟಜೀವಿ." ಮೂರನೇ ದಿನದ ಹೊತ್ತಿಗೆ ನನಗೆ ಸಿಟ್ಟೇ ಬರತೊಡಗಿತು. ಸುಳ್ಳೇನೂ ಹೇಳಲಿಲ್ಲ ಅವರು. ಆದರೆ ಆ ಮಾತು ಕೇಳಿದರೆ ಅಪ್ಪ ಯಾರೋ ಬೆನ್ನು ಬಗ್ಗಿದ ಬಡ ಮುದುಕ ಅನಿಸುತ್ತದೆ. ಊಟಕ್ಕೆ ಕೂತಲ್ಲೇ ಹಳೆಯ ಪ್ರಯಾಣಿಕರ ಅಣಕ ಮಾಡಿ ಅಮ್ಮನ ಕೈಲಿ ಬೈಸಿಕೊಳ್ಳುತ್ತಿದ್ದ ಮನುಷ್ಯ ಅವನು. ಪಾಪ ಅಂತೆ!

ಹುಟ್ಟಿದ್ದು 1933ರಲ್ಲಿ. ಆಗ ಕಾರವಾರ ಮುಂಬಯಿ ಪ್ರಾಂತ್ಯದಲ್ಲಿತ್ತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು, 1973ರಲ್ಲಿ ಅದಕ್ಕೆ ಕರ್ನಾಟಕ ಅಂತ ಹೆಸರಾಯಿತು. 1961ರ ಡಿಸೆಂಬರ್ ತನಕ ಮಾಜಾಳಿ ದಾಟಿದರೆ ಪೋರ್ತುಗೀಸರ ನೆಲ. "ನಾ ಕೋಡಿಬಾಗ ಬಿಟ್ಟು ಕದಲಲಿಲ್ಲ, ಸರಕಾರಗಳೇ ಬಂದು ಹೋದವು" ಅನ್ನುತ್ತಿದ್ದ. ಮನೆಯಲ್ಲಿ ಕನ್ನಡ, ದೋಣಿ ಧಕ್ಕೆಯಲ್ಲಿ ಕೊಂಕಣಿ, ಸಿಟ್ಟು ಬಂದರೆ ಎರಡೂ.

ಸೇತುವೆ ಇಲ್ಲದ ಕಾಲದಲ್ಲಿ ಕಾಳಿ ನದಿ ದಾಟಿ ಆಚೆ ದಡದ ಸದಾಶಿವಗಡಕ್ಕೆ ಹೋಗಲು ಲಾಂಚ್ ಹತ್ತಬೇಕಿತ್ತು. ಅಪ್ಪ ಅದರಲ್ಲಿ ಹಗ್ಗ ಎಸೆಯುವ ಹುಡುಗನಾಗಿ ಸೇರಿದ. ಎಂಜಿನ್ ಸದ್ದಿಗೆ ಎಡಗಿವಿ ಮಂದವಾಯಿತು. ನಾವು ಮಾರ್ಕ್ಸ್ ಕಾರ್ಡು ತೋರಿಸುವಾಗ ಮಾತ್ರ ಬೇಕಂತಲೇ ಎಡಗಡೆ ನಿಲ್ಲುತ್ತಿದ್ದೆವು.

1983ರಲ್ಲಿ ಸೇತುವೆ ಆಯಿತು. ಅಪ್ಪನಿಗೆ 50 ವರ್ಷ, ನಾವು ನಾಲ್ಕು ಮಕ್ಕಳು. ತಂಗಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಆಚೆ ದಡದ ತನಕ ನಡೆದು ಹೋಗಿ ಬಂದ. "ಚಲೋ ಕಟ್ಟಿದ್ದಾರೆ" ಅಂದ. ಅವನ ಕೆಲಸ ಕಸಿದದ್ದೂ ಅದೇ ಸೇತುವೆ. ಅದರ ಬಗ್ಗೆ ಆಮೇಲೂ ಒಂದು ಕೆಟ್ಟ ಮಾತು ಆಡಿದ್ದು ನಾನು ಕೇಳಿಲ್ಲ.

ಹಾಗೆ ಶುರುವಾಯಿತು ಬೆಳಚು, ಅದೇ ಹೊಳೆಯ ಚಿಪ್ಪುಮೀನು, ಹೆಕ್ಕುವ ಕೆಲಸ. ಜೊತೆಗೆ ಬೈತಖೋಲ ಬಂದರಿನಲ್ಲಿ ಬಲೆ ಹೊಲಿಯುವುದು, ಮಳೆಗಾಲದಲ್ಲಿ ಸಿಕ್ಕ ಕೂಲಿ. ಬೆಳಚಿಗೆ ಇಳಿತ ಬೇಕು. ಅಮಾವಾಸ್ಯೆ, ಹುಣ್ಣಿಮೆಯ ಎಡಬಲದಲ್ಲಿ ನೀರು ಜಾಸ್ತಿ ಇಳಿಯುತ್ತದೆ. ಅಷ್ಟಮಿಗೆ ಅಷ್ಟಕ್ಕಷ್ಟೇ. ಇವತ್ತು ಇಳಿದ ಹೊತ್ತಿಗೆ ನಾಳೆ ಇಳಿಯುವುದಿಲ್ಲ, ಸುಮಾರು 50 ನಿಮಿಷ ತಡ. ಹಾಗಾಗಿ ಅಪ್ಪನ ಊಟ, ನಿದ್ದೆ ಎಲ್ಲ ದಿನಾ ಅಷ್ಟಷ್ಟೇ ಸರಿಯುತ್ತಿತ್ತು. ನಡುಮಧ್ಯಾಹ್ನ ಗೊರಕೆ, ನಡುರಾತ್ರಿ ಗಂಜಿ. ಸೊಂಟದ ತನಕ ನೀರಲ್ಲಿ ನಿಂತು ಕಾಲಲ್ಲೇ ಕೆಸರು ತಡವಿ, ಬೆಳಚು ತಾಗಿದರೆ ಬಗ್ಗಿ ತೆಗೆಯುತ್ತಿದ್ದ. ಅಂಗಾಲಿನ ತುಂಬ ಗೀರು. ಅದಕ್ಕೆ ಕೊಬ್ಬರಿ ಎಣ್ಣೆ ಸವರಿಕೊಂಡು "ಇವತ್ತು ದೊಡ್ಡ ದೊಡ್ಡವು ಸಿಕ್ಕವು" ಎಂದು ಹಿಗ್ಗುತ್ತಿದ್ದ. ಆ ಹಿಗ್ಗನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ ನೋಡು.

ಒಂದು ವಿಷಯ ನಿನಗೆ ಹೇಳಿಯೇ ಇಲ್ಲ. ಕಾಲೇಜಿನಲ್ಲಿ "ಅಪ್ಪ ಏನು ಮಾಡ್ತಾರೆ" ಎಂದು ನೀನು ಕೇಳಿದಾಗ ಟ್ರಾನ್ಸ್‌ಪೋರ್ಟ್ ಅಂದಿದ್ದೆ. ಎಂದೋ ನಿಂತ ಲಾಂಚಿನ ಹೆಸರಲ್ಲಿ ಮೂರು ವರ್ಷ ದಾಟಿಸಿಬಿಟ್ಟೆ. ನೀನು ಮನೆಗೆ ಬರುತ್ತೇನೆ ಅಂದಾಗೆಲ್ಲ ಏನಾದರೊಂದು ನೆವ. ಕಡೆಗೆ ನೀನೇ ಹೇಳದೆ ಕೇಳದೆ ಬಂದುಬಿಟ್ಟೆ. ಅಪ್ಪ ಅಂಗಳದಲ್ಲಿ ಚಿಪ್ಪಿನ ರಾಶಿಯ ಪಕ್ಕ ಕೂತಿದ್ದ. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತ್ತು.

ನೀನು ಮೀನು ತಿನ್ನುವವನಲ್ಲ ಎಂದು ಗೊತ್ತಾಗಿ ಅಪ್ಪ ಪೇಟೆಗೆ ಓಡಿ ಹೊಸ ಪಾತ್ರೆ ತಂದ. ಅದರಲ್ಲಿ ಮೊಸರವಲಕ್ಕಿ ಕಲೆಸಿ ಕೊಟ್ಟ. ಆಮೇಲೆ ನಿಮ್ಮಿಬ್ಬರ ಮಾತು ಶುರು. ಶಿರಸಿ ಕಡೆ ತೋಟ ಅಂದೆ ನೀನು. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬರುತ್ತದೆ, ಬೋರ್ಡೋ ದ್ರಾವಣ ಹೊಡೆಯಬೇಕು ಅಂದೆ. ಏನೇನು ಹಾಕುತ್ತೀರಿ ಎಂದು ಕೇಳಿದ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. "ಯಾವ ಸುಣ್ಣ?" "ಚಿಪ್ಪಿ ಸುಣ್ಣ."

ಅಪ್ಪನ ಮುಖ ನೆನಪಿದೆಯಾ? ಅವನು ಚಿಪ್ಪನ್ನೂ ಮೂಟೆ ಕಟ್ಟಿ ಸುಣ್ಣದ ಗೂಡಿಗೆ ಮಾರುತ್ತಿದ್ದ. "ಹಂಗಾದ್ರೆ ನಾ ಹೆಕ್ಕಿದ್ದು ಘಟ್ಟ ಹತ್ತಿ ನಿಮ್ಮ ಅಡಿಕೆ ಮರನೂ ಹತ್ತಿರಬೇಕು!" ಅಂದ. ಊರೆಲ್ಲ ಹೇಳಿಕೊಂಡು ಬಂದ. ನಾನು ಅವತ್ತೇ ನಾಚಿಕೆ ಬಿಟ್ಟೆ ಅಂತ ಬರೆದರೆ ಸುಳ್ಳಾಗುತ್ತದೆ. ಇನ್ನೂ ನಾಲ್ಕೈದು ವರ್ಷ ಬೇಕಾಯಿತು.

2024ರ ಆಗಸ್ಟ್ 7ರ ನಡುರಾತ್ರಿ ಆ ಹಳೆಯ ಸೇತುವೆ ಕುಸಿಯಿತಲ್ಲ, ಬೆಳಿಗ್ಗೆ ಅಪ್ಪ ನೋಡಬೇಕು ಎಂದು ಹಟ ಹಿಡಿದ. ಸ್ಕೂಟರ್ ಮೇಲೆ ಕರೆದುಕೊಂಡು ಹೋದೆ. ಸೇತುವೆಗೆ 41, ಅಪ್ಪನಿಗೆ 91. ದೂರದಿಂದಲೇ ನೋಡಿದ. ಲಾರಿ ನೀರಿಗೆ ಬಿದ್ದಿದ್ದು ಕೇಳಿ "ಡ್ರೈವರ್ ಉಳಿದನಾ?" ಅಂದ. ಉಳಿದ, ತಮಿಳುನಾಡಿನವನಂತೆ, ಮೀನುಗಾರರು ಎತ್ತಿದರಂತೆ ಅಂದೆ. "ಮನೆಗೆ ಫೋನ್ ಮಾಡಿಸಿದ್ರಂತಾ? ಮಕ್ಕಳು ಸಣ್ಣವಿರ್ತವೆ." ಆಮೇಲೆ ಸುಮ್ನೆ ನೀರು ನೋಡುತ್ತಾ ನಿಂತ. ಏನೋ ದೊಡ್ಡ ಮಾತು ಬರುತ್ತದೆ ಎಂದು ನಾನು ಕಾದೆ. "ಭರತದ ನೀರು ಏರ್ತಾ ಅದೆ, ನಡಿ, ಚಾ ಕುಡಿಯೋಣ" ಅಂದ.

ನಿನ್ನೆ ಗೋಡೆಯ ಕ್ಯಾಲೆಂಡರ್ ತೆಗೆಯಲು ಹೋಗಿದ್ದೆ. ನೀರಿಗಿಳಿಯುವುದು ಬಿಟ್ಟು ಎಷ್ಟೋ ವರ್ಷ ಆಗಿದ್ದರೂ ಇಳಿತದ ಹೊತ್ತು ಬರೆದಿಡುವುದನ್ನು ಅಪ್ಪ ಬಿಟ್ಟಿರಲಿಲ್ಲ. ಪೆನ್ಸಿಲಿನಲ್ಲಿ, ವರ್ಷದ ಕೊನೆಯ ತನಕ ಬರೆದಿದ್ದಾನೆ. ಮುಂದಿನ ಅಮಾವಾಸ್ಯೆಗೆ "ಬೆಳಗಿನ ಜಾವ, ಚಲೋ ಇಳಿತ" ಎಂದಿದೆ. ಕ್ಯಾಲೆಂಡರ್ ಅಲ್ಲೇ ಬಿಟ್ಟೆ.

ಅವತ್ತು ಹೋಗೋಣ ಅಂದುಕೊಂಡಿದ್ದೇನೆ. ನನಗೆ ಕಾಲಲ್ಲಿ ತಡವಿ ಗೊತ್ತಿಲ್ಲ, ಏನೂ ಸಿಗಲಿಕ್ಕಿಲ್ಲ. ಹಿಂದಿನ ರಾತ್ರಿಯೇ ಘಟ್ಟ ಇಳಿದು ಬಾ. ನೀನು ತಿನ್ನುವುದು ಬೇಡ ಮಾರಾಯಾ, ಬುಟ್ಟಿ ಹಿಡಿದುಕೊಂಡರೆ ಸಾಕು. ಆ ಪಾತ್ರೆ ಇನ್ನೂ ಇದೆ.

ನಿನ್ನವ